ಕಾರ್ಗತ್ತಲ ದೊರೆಗೆ ಎರಡು ಸದ್ಗುಣ

ಬಾಯಿತಪ್ಪಿ ಆಡಿದ ಒಂದು ಸುಳ್ಳನ್ನು ನಿಜ ಮಾಡಲು ನಾನೂರು ಪುಟ ಬರೆದವನನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬನನ್ನೇ. ಅವನು ನಮ್ಮ ರವಾನೆ.

ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ನೀರು ಸರಬರಾಜು ಕಚೇರಿಯ ರವಾನೆ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷ ಕೂತವನಿಗೆ ಇನ್ನೊಂದು ಹೆಸರು ಉಳಿಯುವುದಾದರೂ ಹೇಗೆ? ಹೊರಹೋಗುವ ಪ್ರತಿ ಕಾಗದಕ್ಕೂ ನಂಬರು ಹಾಕುವುದು, ಮಡಚುವುದು, ಲಕೋಟೆಗೆ ತುರುಕಿ ಅಂಟು ಹಚ್ಚುವುದು ಅವನ ಕೆಲಸ. ಒಳಬರುವ ಕಾಗದಗಳು ನನ್ನವು. ನಮ್ಮಿಬ್ಬರ ಮೇಜುಗಳು ಮೈಗೆ ಮೈ ತಾಗಿಸಿಕೊಂಡೇ ಇವೆ. ಹಾಗಾಗಿ ಈ ಪ್ರಕರಣಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ. ಒಂದೆರಡು ಕಡೆ ಸಹ-ಆರೋಪಿ ಎಂದರೂ ತಪ್ಪಿಲ್ಲ.

ಶುರುವಾದದ್ದು ಟೀ ವಿರಾಮದಲ್ಲಿ. ನಮ್ಮಲ್ಲಿಗೆ ಹೊಸದಾಗಿ ಬಂದ ನಕ್ಷೆಗಾರ್ತಿಗೆ ದಿಂಬಿನಷ್ಟು ದಪ್ಪದ ಮಾಯಾಲೋಕದ ಕಾದಂಬರಿಗಳನ್ನು ಓದುವ ಹುಚ್ಚು. ಅವತ್ತು ಅಂಥದ್ದೊಂದನ್ನು ಮಡಚಿಟ್ಟು, "ಒಂದು ಕಡೆ ಬರೀ ಬೆಳಕು, ಇನ್ನೊಂದು ಕಡೆ ಬರೀ ಕತ್ತಲು, ನಡುವೆ ತೂಗಾಡೋ ಒಂದು ಲೋಕ. ಇಂಥದ್ದನ್ನ ನಮ್ಮವರು ಯಾಕೆ ಬರೆಯಲ್ಲವೋ!" ಎಂದು ನಿಟ್ಟುಸಿರು ಬಿಟ್ಟಳು.

"ನಾನು ಬರೀತಾ ಇದ್ದೀನಲ್ಲ," ಅಂದ ರವಾನೆ.

ಯಾಕೆ ಹಾಗಂದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿದ್ದ ಬಿಸ್ಕತ್ತು ಮುರಿದು ಟೀ ಒಳಗೆ ಬಿತ್ತು.

"ಹೌದಾ ಸಾರ್! ಎಷ್ಟಾಗಿದೆ?"

"ಮುಗೀತಾ ಬಂತು."

ಮುಗಿಯುತ್ತಾ ಬಂದದ್ದನ್ನು ಅವನು ಅವತ್ತು ಸಂಜೆ ಶುರುಮಾಡಿದ. ಎಂಟು ತಿಂಗಳು ಬರೆದ. ಅಮೃತಶಿಲೆಯ ಬೆಟ್ಟದ ಮೇಲೆ ಬೆಳಕಿನ ರಾಣಿ. ಅವಳಲ್ಲಿ ಹುಡುಕಿದರೂ ದೋಷವಿಲ್ಲ. ನೆಲದಡಿಯ ಕೋಟೆಯಲ್ಲಿ ಕಾರ್ಗತ್ತಲ ದೊರೆ. ಅವನಲ್ಲಿ ಬೇಡಿದರೂ ಗುಣವಿಲ್ಲ. ಇಬ್ಬರ ನಡುವೆ ಏನೂ ಅರಿಯದ ಒಂದು ನಾಡು. ಕಥೆ ಚೆನ್ನಾಗಿಯೇ ಇತ್ತು. ಕಚೇರಿಯ ಕನ್ನಡ ಮಾತ್ರ ಅಲ್ಲಲ್ಲಿ ಇಣುಕುತ್ತಿತ್ತು. ರಾಣಿ ಯುದ್ಧ ಸಾರುವ ಜಾಗ ಹೀಗಿತ್ತು: "ಎಲೈ ದೊರೆಯೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬರುವ ಹುಣ್ಣಿಮೆಯಂದು ತಮ್ಮನ್ನು ಸಂಹರಿಸಲು ತೀರ್ಮಾನಿಸಲಾಗಿದ್ದು, ತಾವು ಖುದ್ದಾಗಿ ಹಾಜರಿರತಕ್ಕದ್ದು."

"ಇದನ್ನ ಸ್ವಲ್ಪ ಬದಲಾಯಿಸು ಮಾರಾಯ," ಅಂದೆ.

"ಯಾಕೆ? ಗಂಭೀರವಾಗಿದೆಯಲ್ಲ," ಅಂದ.

ಬೆರಳಚ್ಚಾಯಿತು. ಪ್ರತಿಗಳಾದವು. ನೌಕರನಾದವನು ಪುಸ್ತಕ ಅಚ್ಚುಹಾಕಿಸಬೇಕಾದರೆ ಕಚೇರಿಯ ಅನುಮತಿ ಬೇಕಲ್ಲ. ಅದಕ್ಕೊಂದು ಪ್ರತಿ ಸೂಪರಿಂಟೆಂಡೆಂಟ್ ಸಾಹೇಬರ ಮೇಜಿಗೆ ಹೋಯಿತು. ಹದಿನೈದು ದಿನ ಸದ್ದಿಲ್ಲ. ಹದಿನಾರನೇ ದಿನ ಕರೆ ಬಂತು. ಒಬ್ಬನೇ ಹೋಗಲು ರವಾನೆಗೆ ಕಾಲು ಬರಲಿಲ್ಲ. ನನ್ನ ತೋಳು ಹಿಡಿದುಕೊಂಡೇ ಒಳಗೆ ಹೋದ.

ಸಾಹೇಬರು ಪುಟ ತೆರೆದಿಟ್ಟುಕೊಂಡು ಕಾಯುತ್ತಿದ್ದರು.

"ಪುಟ ಹದಿನೇಳು. 'ಕಾರ್ಗತ್ತಲ ದೊರೆ ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಪಡಿಸಿಕೊಳ್ಳುತ್ತಿದ್ದ. ಆ ಸದ್ದಿಗೆ ಕೋಟೆಯ ಬಾವಲಿಗಳೆಲ್ಲ ಎದ್ದು ನಿಲ್ಲುತ್ತಿದ್ದವು.' ಯಾರ್ರೀ ಇದು?"

"ದೊರೆ ಸಾರ್."

"ದೊರೆ ಅಂತ ನನಗೂ ಗೊತ್ತು. ಹ್ಹುಂ, ಹ್ಹುಂ. ಯಾರು ಅಂತ ಕೇಳಿದ್ದು."

ನಾವಿಬ್ಬರೂ ಆಗಲೇ ನಿಂತಿದ್ದೆವು. ಇಲ್ಲದಿದ್ದರೆ ಎದ್ದು ನಿಲ್ಲುತ್ತಿದ್ದೆವು.

"ಇದು ಕೇವಲ ಕಾಲ್ಪನಿಕ ಸಾರ್," ಅಂದ ರವಾನೆ.

"ಕಾಲ್ಪನಿಕಕ್ಕೆ ಗಂಟಲು ಕೆರೆಯಲ್ಲ ಕಣ್ರೀ!" ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಇದನ್ನ ಕಿತ್ತುಹಾಕಿ ಅಂತ ಹೇಳೋನಲ್ಲ ನಾನು. ಸಾಹಿತ್ಯದ ಬಗ್ಗೆ ನನಗೂ ಗೌರವ ಇದೆ. ಆದರೆ ಒಬ್ಬ ಮನುಷ್ಯ ಅಂದಮೇಲೆ ಬರೀ ಕೆಟ್ಟದ್ದೇ ಇರುತ್ತಾ? ಸಮತೋಲನ ಬೇಡ್ವಾ? ಒಂದೆರಡು ಸದ್ಗುಣ ಹಾಕಿ. ಉದಾಹರಣೆಗೆ, ಸಮಯಪಾಲನೆ."

"ಆಗಲಿ ಸಾರ್. ಇನ್ನೊಂದು?"

"ಕೈಕೆಳಗಿನವರು ಕೇಳಿದಾಗ ರಜೆ ಕೊಡೋದು."

"ಬಾವಲಿಗಳಿಗಾ ಸಾರ್?"

"ಬಾವಲಿಗಳಿಗೇ."

ರವಾನೆ ತಿದ್ದಿದ. ಕಾರ್ಗತ್ತಲ ದೊರೆ ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಸಿಂಹಾಸನಕ್ಕೆ ಹಾಜರಾಗತೊಡಗಿದ. ಬಾವಲಿಗಳಿಗೆ ವರ್ಷಕ್ಕೆ ಹನ್ನೆರಡು ಸಾಂದರ್ಭಿಕ ರಜೆ ಮಂಜೂರಾದವು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ 'ರವಾನೆಯ ಪುಸ್ತಕದಲ್ಲಿ ಯಾರೋ ಇದ್ದಾರಂತೆ' ಎಂಬ ಮಾತು ಹೊರಗೆ ರವಾನೆಯಾಯಿತು. ಅದಕ್ಕೆ ನಂಬರು ಹಾಕುವವರು ಯಾರೂ ಇರಲಿಲ್ಲ. ಮೊದಲು ಮೆಟ್ಟಿಲೇರಿ ಬಂದವರು ಅವನ ಮನೆ ಮಾಲೀಕರು. ಕೆಳಗಿನ ಮನೆಯಲ್ಲೇ ಅವರ ವಾಸ. ಒಂದು ಪ್ರತಿಯನ್ನು ಎಲ್ಲಿಂದ ಗಿಟ್ಟಿಸಿದರೋ, ಕಂಕುಳಲ್ಲೇ ಇತ್ತು.

"ಪುಟ ನಲವತ್ತು! 'ದೊರೆ ಹಾದುಹೋದ ಕಡೆಯಲ್ಲೆಲ್ಲ ಉರಿಯುವ ದೀಪಗಳನ್ನು ತನ್ನ ಕೈಯಾರೆ ಆರಿಸುತ್ತಿದ್ದ.' ಅಲ್ಲಾ ಸ್ವಾಮಿ, ಮೆಟ್ಟಿಲ ದೀಪ ಹಗಲೆಲ್ಲ ಉರೀತಿದ್ರೆ ಆರಿಸೋದು ರಾಕ್ಷಸ ಕೆಲಸವೇನ್ರೀ?"

"ಇದು ಕೇವಲ ಕಾಲ್ಪನಿಕ..."

"ನಮ್ಮ ಬೀದಿಯವರಿಗೆಲ್ಲ ಗೊತ್ತಾಗಿಹೋಗಿದೆ ಕಾಲ್ಪನಿಕ ಯಾರು ಅಂತ. ಹಾಲಿನವಳು ನನ್ನ ನೋಡಿ ನಗ್ತಾಳೆ. ನಿಮ್ಮ ನಲ್ಲಿ ಕೆಟ್ಟಾಗ ಅದೇ ದಿನ ಮಾಡಿಸಿಕೊಟ್ಟೆನಲ್ಲ, ಅದನ್ನ ಬರೆದ್ರಾ? ಬರೀಬೇಕು ನೀವು. ಬ್ಯಾಲೆನ್ಸು ಅನ್ನೋದು ಒಂದಿರಬೇಕು."

ನೆಲದಡಿಯ ಕೋಟೆಗೆ ಸುಸಜ್ಜಿತ ನಲ್ಲಿಗಳು ಬಂದವು. ಕೆಟ್ಟ ದಿನವೇ ದುರಸ್ತಿ.

ಮರುದಿನ ರವಾನೆಯ ಅತ್ತೆಯ ಫೋನು. ಆಕೆಯ ಧ್ವನಿಗೆ ಫೋನಿನ ಅಗತ್ಯವೇ ಇಲ್ಲ. ನನ್ನ ಮೇಜಿನವರೆಗೂ ಸಲೀಸಾಗಿ ಬಂತು. "ಅಳಿಯಂದಿರೇ, 'ದೊರೆ ಎಲ್ಲರಿಗಿಂತ ಮುಂಚೆ ಎದ್ದು ಎಲ್ಲರ ಬಾಗಿಲು ಬಡಿಯುತ್ತಿದ್ದ' ಅಂತ ಬರೆದಿದ್ದೀರಂತೆ. ನನ್ನ ಮುಖಕ್ಕೆ ಮೀಸೆ ಅಂಟಿಸಿಬಿಟ್ರೆ ಯಾರಿಗೂ ಗುರುತು ಸಿಗಲ್ಲ ಅಂದ್ಕೊಂಡ್ರಾ?"

ಅತ್ತೆಯ ಸಮಾಧಾನಕ್ಕೆ ದೊರೆ ಗಿಡಗಳಿಗೆ ನೀರು ಹಾಕತೊಡಗಿದ.

ಇಷ್ಟರಲ್ಲಿ ನನಗೊಂದು ವಿಚಿತ್ರ ಹೊಳೆಯಿತು. ಬಂದವರೆಲ್ಲ 'ದೊರೆ ನಾನೇ' ಎಂದು ಬಂದರೇ ಹೊರತು 'ಬೆಳಕಿನ ರಾಣಿ ನಾನು' ಎಂದು ಒಬ್ಬರೂ ಬರಲಿಲ್ಲ. ಇದನ್ನು ರವಾನೆಗೆ ಹೇಳಿದೆ. ಅವನಿಗೆ ಖುಷಿಯಾಗಿ, ರಾಣಿ ಯಾರೆಂದು ಹೇಳಲು ಸೀದಾ ಹೆಂಡತಿಯ ಹತ್ತಿರ ಹೋದ. ಅವಳು ಬಟ್ಟೆ ಮಡಚುತ್ತಿದ್ದಳಂತೆ.

"ಆ ರಾಣಿ ನೀನೇ ಕಣೇ," ಅಂದ.

"ನಾನಾ? ಅವಳು ಎತ್ತರ, ಕತ್ತು ಉದ್ದ, ಸೊಂಟ ಸಣ್ಣ. ನನ್ನನ್ನ ಕೊನೇಸಲ ನೋಡಿದ್ದು ಯಾವಾಗ ನೀವು?"

"ಬೇಕಿದ್ರೆ ಗಿಡ್ಡ ಮಾಡ್ತೀನಿ."

"ಎತ್ತರ ಬಿಡಿ." ಅವಳು ಅಂಗಿಯೊಂದನ್ನು ಜಾಡಿಸಿದಳು. "ನಾನೂರು ಪುಟದಲ್ಲಿ ಅವಳು ಒಂದೇ ಒಂದು ಸಲ ಕೂತುಕೊಳ್ಳಲ್ಲ. ಸಿಟ್ಟು ಮಾಡಲ್ಲ, ಸಾಕಾಯ್ತು ಅನ್ನಲ್ಲ. ಅವಳು ನಾನಾಗಿರೋಕೆ ಸಾಧ್ಯವಿಲ್ಲ. ನೀವು ನನ್ನನ್ನ ಹಾಗೆ ಅಂದ್ಕೊಂಡಿದ್ರೆ ಇನ್ನೂ ಕಷ್ಟ."

ಈ ಮಾತನ್ನು ಅವನು ನನಗೆ ವರದಿ ಮಾಡುವಾಗ ಅಂಟಿನ ಡಬ್ಬಿಯೊಳಗೆ ಪೆನ್ನು ಅದ್ದಿದ್ದ. ನಾನು ಅದನ್ನು ತೆಗೆದು ಒರೆಸಿಕೊಟ್ಟೆ.

ಅಷ್ಟರಲ್ಲಿ ಮಾಲೀಕರು ಲಿಖಿತ ದೂರು ಕೊಟ್ಟರು. ಅತ್ತೆ ಪತ್ರ ಬರೆಸಿದರು. ಎರಡೂ ಒಳಬಂದ ಕಾಗದಗಳಾದ್ದರಿಂದ ನಾನೇ ಮುದ್ರೆ ಒತ್ತಿ ಸಾಹೇಬರ ಮುಂದಿಡಬೇಕಾಯಿತು. ದೂರು ಬಂದಮೇಲೆ ವಿಲೇವಾರಿ ಆಗಬೇಕು; ವಿಲೇವಾರಿಗೆ ಸಮಿತಿ ಬೇಕು. ಹೀಗೆ 'ಸಮತೋಲನ ಉಪಸಮಿತಿ' ಹುಟ್ಟಿತು. ಅಧ್ಯಕ್ಷರು ಸಾಹೇಬರು. ಇಂಥ ಪುಸ್ತಕ ಓದಿ ಗೊತ್ತಿರುವ ಕಾರಣಕ್ಕೆ ನಕ್ಷೆಗಾರ್ತಿ ವಿಷಯತಜ್ಞೆ. ನಡಾವಳಿ ಬರೆಯಲು ನಾನು. ಲೇಖಕನನ್ನು ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂರಿಸಲಾಯಿತು.

ನಡಾವಳಿ ಈಗಲೂ ನನ್ನ ಹತ್ತಿರ ಇದೆ. ತೀರ್ಮಾನ ಒಂದು: ಕಾರ್ಗತ್ತಲ ದೊರೆಯು ಶೇಕಡಾ ಅರವತ್ತಕ್ಕಿಂತ ಹೆಚ್ಚು ದುಷ್ಟನಾಗಿರತಕ್ಕದ್ದಲ್ಲ. ತೀರ್ಮಾನ ಎರಡು: ಬೆಳಕಿನ ರಾಣಿಗೆ ಕನಿಷ್ಠ ನಾಲ್ಕು ದೋಷಗಳಿರತಕ್ಕದ್ದು, ಅವುಗಳಲ್ಲಿ ಒಂದು ಮರೆವು ಆಗಿದ್ದರೆ ಉತ್ತಮ. ತೀರ್ಮಾನ ಮೂರು: ಇಬ್ಬರ ನಡುವೆ ತಕ್ಕಡಿ ಹಿಡಿದ ಒಬ್ಬ ಮುನಿಯನ್ನು ಹೊಸದಾಗಿ ಸೃಷ್ಟಿಸತಕ್ಕದ್ದು. ಆ ಮುನಿಗೆ ಕನ್ನಡಕ ಇರಬೇಕೆಂದೂ, ಅವನು ಒಂದು ಸಲ ಮಾತ್ರ ಗಂಟಲು ಸರಿಪಡಿಸಿಕೊಳ್ಳಬಹುದೆಂದೂ ಅಧ್ಯಕ್ಷರು ಸೂಚಿಸಿದರು.

ನಕ್ಷೆಗಾರ್ತಿ ಕೈ ಎತ್ತಿದಳು.

"ಸಾರ್, ನನ್ನ ಒಪ್ಪಿಗೆ ಇಲ್ಲ."

"ಯಾಕಮ್ಮ? ನಿಮ್ಮ ದಪ್ಪ ಪುಸ್ತಕಗಳಲ್ಲೂ ಸಮತೋಲನ ಸಮತೋಲನ ಅಂತಾರಂತಲ್ಲ?"

"ಅಂತಾರೆ ಸಾರ್. ಆದ್ರೆ ಅದು ಕಲಸೋದಲ್ಲ. ನಾವು ನಕ್ಷೇಲಿ ಕುಡಿಯೋ ನೀರಿನ ಪೈಪಿಗೆ ನೀಲಿ ಗೆರೆ ಹಾಕ್ತೀವಿ, ಕೊಳಚೆ ಪೈಪಿಗೆ ಕಪ್ಪು ಗೆರೆ. ನೆಲ ಅಗೆದು ನೋಡಿದ್ರೆ ಎರಡೂ ಒಂದೇ ಬೂದು ಬಣ್ಣ, ಎರಡಕ್ಕೂ ಅದೇ ಮಣ್ಣು ಮೆತ್ತಿರುತ್ತೆ. ಹಾಗಂತ ನಕ್ಷೇಲೂ ಎರಡನ್ನೂ ಬೂದು ಬಣ್ಣದಲ್ಲೇ ಬರೆದ್ರೆ ಅಗೆಯೋನ ಗತಿ ಏನು? ಕಥೆಯ ಕತ್ತಲು, ಬೆಳಕು ಅಂದ್ರೆ ಅವು ಗೆರೆಗಳು ಸಾರ್. ಮನುಷ್ಯರಲ್ಲ. ಮನುಷ್ಯರು ಅಡಿಯಲ್ಲಿರೋ ಪೈಪು."

ಫ್ಯಾನು ಕಿರುಗುಟ್ಟಿತು.

"ಒಳ್ಳೇ ಅಂಶ," ಅಂದರು ಸಾಹೇಬರು. "ದಾಖಲಿಸಿಕೊಳ್ರೀ."

ದಾಖಲಿಸಿಕೊಂಡೆ. ಅಲ್ಲಿಗೆ ಅದು ಮುಗಿಯಿತು. ನಮ್ಮ ಕಚೇರಿಯಲ್ಲಿ ಒಂದು ವಿಚಾರಕ್ಕೆ ಅದಕ್ಕಿಂತ ಗೌರವದ ಮರಣ ಸಿಗುವುದಿಲ್ಲ.

ರವಾನೆ ಒಂದು ತಿಂಗಳು ತಿದ್ದಿದ. ಹೊಸ ಪ್ರತಿಯ ಕೊನೆಯ ಯುದ್ಧವನ್ನು ನಾನು ಮೂರು ಸಲ ಓದಿದ್ದೇನೆ, ನಂಬಿಕೆ ಬಾರದೆ. ಎರಡು ಸೇನೆಗಳು ಎದುರುಬದುರಾಗುತ್ತವೆ. ದೊರೆಗೆ ರಾಣಿಯ ಕಷ್ಟ ಅರ್ಥವಾಗುತ್ತದೆ. ರಾಣಿಗೆ ದೊರೆಯ ಅನಿವಾರ್ಯತೆ ಮನವರಿಕೆಯಾಗುತ್ತದೆ. ಖಡ್ಗವನ್ನು ಅವಳು ಮನೆಯಲ್ಲೇ ಮರೆತು ಬಂದಿರುತ್ತಾಳೆ. ತಕ್ಕಡಿ ಮುನಿ ಒಂದು ಸಲ ಗಂಟಲು ಸರಿಪಡಿಸಿಕೊಂಡು ಯುದ್ಧವನ್ನು ಮುಂದೂಡುತ್ತಾನೆ. ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ.

ಅಚ್ಚು ಹಾಕಬೇಕಾಗಿದ್ದ ಮುದ್ರಣಾಲಯದ ಯಜಮಾನಿ ಓದಿ ನಮ್ಮಿಬ್ಬರನ್ನೂ ಕರೆಸಿದಳು. ಯಂತ್ರದ ಸದ್ದಿನ ಮೇಲೆ ಕೂಗಿಯೇ ಮಾತಾಡಿ ಅಭ್ಯಾಸವಾದ ಹೆಂಗಸು.

"ಇದೇನ್ರೀ, ಕಾದಂಬರಿಯೋ ರಾಜಿ ಪತ್ರವೋ? ಮೊದಲನೇ ಪ್ರತಿ ಓದಿದಾಗ ದೊರೆ ಮೆಟ್ಟಿಲು ಇಳಿಯೋ ಸದ್ದಿಗೆ ನನ್ನ ಮೈ ಜುಮ್ ಅಂದಿತ್ತು. ಇದನ್ನ ಓದ್ತಾ ಆಕಳಿಸಿ ದವಡೆ ನೋವು ಬಂತು. ಎರಡರಲ್ಲಿ ಯಾವುದು ಅಂತ ಸೋಮವಾರ ಹೇಳಿ. ಎರಡನೇದಾದ್ರೆ ಬೇರೆ ಪ್ರೆಸ್ಸು ನೋಡ್ಕೊಳ್ಳಿ."

ಈಗ ರವಾನೆಗೆ ದಿಕ್ಕು ತಪ್ಪಿತು. ಮೊದಲನೆಯದನ್ನು ಹಾಕಿಸಿದರೆ ಸಾಹೇಬರ ಸಹಿ ಇಲ್ಲ. ಸಹಿ ಇಲ್ಲದೆ ಹಾಕಿಸಿದರೆ ನೌಕರಿಗೇ ಕುತ್ತು. ಎರಡನೆಯದಕ್ಕೆ ಸಹಿ ಇದೆ, ಅದರಲ್ಲಿ ಪುಸ್ತಕವೇ ಉಳಿದಿಲ್ಲ. ಭಾನುವಾರ ಬೆಳಿಗ್ಗೆ ನನ್ನನ್ನು ಮನೆಗೆ ಕರೆಸಿಕೊಂಡ. ಎರಡೂ ಪ್ರತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಎಲ್ಲಾದರೂ ಮೂರನೇ ದಾರಿ ಇದೆಯೇ ಎಂದು ಹುಡುಕುತ್ತಾ ಕೂತೆವು.

ಆಗ ಮೆಟ್ಟಿಲ ಮೇಲೆ ಸದ್ದಾಯಿತು.

"ಹ್ಹುಂ, ಹ್ಹುಂ."

ಇಬ್ಬರೂ ದಡಕ್ಕನೆ ಎದ್ದು ನಿಂತೆವು. ಭಾನುವಾರ ಸಾಹೇಬರು ಮನೆಗೇ ಬಂದರೆ? 'ಟಕ್' ಎಂದು ಸ್ವಿಚ್ಚಿನ ಸದ್ದು. ಮೆಟ್ಟಿಲ ದೀಪ ಆರಿತು. ಹಾಗಾದರೆ ಮಾಲೀಕರು! ಆಮೇಲೆ ಬಾಗಿಲು ಬಡಿದ ರಭಸಕ್ಕೆ ಅತ್ತೆಯೇ ಬಂದರೆಂದು ರವಾನೆ ಲುಂಗಿ ಸರಿಪಡಿಸಿಕೊಂಡ.

ಬಾಗಿಲು ತೆಗೆದರೆ ನಿಂತಿದ್ದವನು ಅವನ ಅಣ್ಣ.

ಅಣ್ಣನದು ಊರಿನ ಇನ್ನೊಂದು ತುದಿಯಲ್ಲಿ ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ರವಾನೆಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ಅಮ್ಮ ಇಬ್ಬರೂ ಒಂದೇ ವರ್ಷದಲ್ಲಿ ಹೋದಾಗ ಇವನಿಗೆ ಹತ್ತು, ಅವನಿಗೆ ಇಪ್ಪತ್ತು. ಸಾಕಿದವನು ಅವನೇ. ಗಾಜು ಕತ್ತರಿಸಿ ಕತ್ತರಿಸಿ ಬೆರಳ ತುಂಬಾ ಗೆರೆಗೆರೆ ಗಾಯದ ಗುರುತು. ಮೊದಲ ಬೆರಳಚ್ಚಿನ ಒಂದು ಪ್ರತಿಯನ್ನು ರವಾನೆ ಅವನಿಗೂ ಕಳಿಸಿದ್ದನಂತೆ, ಓದುತ್ತಾನೆಂದಲ್ಲ, ತಮ್ಮ ಬರೆದ ಎಂದು ತಿಳಿಯಲಿ ಎಂದು. ಈಗ ಅದು ಅವನ ಕೈಯಲ್ಲಿತ್ತು, ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ.

ಅಣ್ಣ ಕೂತ. ದಾರ ಬಿಚ್ಚಿ ಸುರುಳಿ ಸುತ್ತಿ ಜೇಬಿಗಿಟ್ಟುಕೊಂಡ.

"ಓದಿದೆ."

"ಎಷ್ಟು ಅಣ್ಣ?"

"ಪೂರ್ತಿ. ಅಂಗಡೀಲಿ ಯಾರೂ ಇಲ್ಲದಾಗ ಓದ್ತಿದ್ದೆ. ಮೂರು ತಿಂಗಳಾಯ್ತು." ಎರಡು ಸಲ ಗಂಟಲು ಸರಿಪಡಿಸಿಕೊಂಡ. "ಈ ದೊರೆ ನಾನು ತಾನೆ?"

"ಇದು ಕೇವಲ ಕಾ..." ಎಂದು ರವಾನೆ ಶುರುಮಾಡಿದ. ಇಷ್ಟು ದಿನ ಎಲ್ಲರಿಗೂ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿದ್ದ ಮಾತು. ಅರ್ಧಕ್ಕೇ ನಿಂತುಹೋಯಿತು. ಅಣ್ಣನ ಮುಖ ನೋಡಿದ, ಆರಿದ ದೀಪದ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಪುಸ್ತಕದಲ್ಲಿ ಯಾರೋ ಇದ್ದಾರೆ ಎಂದು ಇಷ್ಟೂ ದಿನ ಊರಿಗೆಲ್ಲ ಕಂಡದ್ದು ಬರೆದವನಿಗೆ ಆಗ ಕಂಡಿತು.

"ಅಣ್ಣ, ನಿನ್ನ ಬಗ್ಗೆ ಅಂದ್ಕೊಂಡು ಬರೆದಿದ್ದಲ್ಲ."

"ಗೊತ್ತು. ಅಂದ್ಕೊಂಡು ಬರೆದಿದ್ರೆ ಇಷ್ಟು ಸರಿಯಾಗಿ ಬರ್ತಿರಲಿಲ್ಲ."

ರವಾನೆ ಗಡಿಬಿಡಿಯಿಂದ ಹೊಸ ಪ್ರತಿಯನ್ನು ಮುಂದೆ ತಳ್ಳಿದ. "ಈಗ ಬದಲಾಯಿಸಿದ್ದೀನಿ ಅಣ್ಣ. ನೋಡು, ದೊರೆ ಈಗ ಗಿಡಕ್ಕೆ ನೀರು ಹಾಕ್ತಾನೆ. ನಲ್ಲಿ ಮಾಡಿಸಿಕೊಡ್ತಾನೆ. ಬಾವಲಿಗಳಿಗೆ ರಜೆ..."

ಅಣ್ಣ ಬೆರಳಿಟ್ಟು ಒಂದು ಪುಟ ಓದಿದ. ತಲೆ ಅಲ್ಲಾಡಿಸಿದ.

"ನಾನು ಯಾವತ್ತೂ ಗಿಡಕ್ಕೆ ನೀರು ಹಾಕಿದವನಲ್ಲ. ಇದನ್ನ ತೆಗಿ. ಮಾಡದ ಒಳ್ಳೇದನ್ನ ನನ್ನ ತಲೆಗೆ ಕಟ್ಟಬೇಡ."

ಒಳಗಿನಿಂದ ರವಾನೆಯ ಹೆಂಡತಿ ಮೂರು ಲೋಟ ಟೀ ತಂದಿಟ್ಟು, ಒಳಗೆ ಹೋಗದೆ ಗೋಡೆಗೆ ಒರಗಿ ನಿಂತಳು. ಅಣ್ಣ ತನ್ನ ಪ್ರತಿಯಲ್ಲಿ ಗುರುತಿಟ್ಟಿದ್ದ ಜಾಗ ತೆರೆದ. ಅದು ಗೋಪುರದ ಅಧ್ಯಾಯ. ಬೆಳ್ಳಿ ಸರೋವರ ನೋಡಲು ಹೋದ ತಪ್ಪಿಗೆ ಕಾರ್ಗತ್ತಲ ದೊರೆ ರಾಜಕುಮಾರನನ್ನು ಕಿಟಕಿಯಿಲ್ಲದ ಗೋಪುರದಲ್ಲಿ ನೂರು ವರ್ಷ ಕೂಡಿಹಾಕುತ್ತಾನೆ.

"ಇದು ಸಾಮಾನಿನ ಕೋಣೆ," ಅಂದ ಅಣ್ಣ.



ಅಣ್ಣ ನನ್ನ ಕಡೆ ತಿರುಗಿ, ಪರಿಚಯವಿಲ್ಲದವನಿಗೆ ದಾರಿ ಹೇಳುವ ಹಾಗೆ ಹೇಳಿದ: "ಸ್ಕೂಲು ತಪ್ಪಿಸಿ ಕಲ್ಲು ಕ್ವಾರಿಯ ನೀರಿಗೆ ಇಳೀತಿದ್ದ ಇವನು. ಇವನ ಕ್ಲಾಸಿನ ಹುಡುಗ ಒಬ್ಬ ಹಿಂದಿನ ವಾರ ತಾನೇ ಆ ನೀರಿಂದ ಮೇಲೆ ಬಂದಿರಲಿಲ್ಲ. ಅವತ್ತು ಒದ್ದೆ ತಲೇಲಿ ಮನೆಗೆ ಬಂದ. ನಾನು ಎಳಕೊಂಡುಹೋಗಿ ಸಾಮಾನಿನ ಕೋಣೇಲಿ ಹಾಕಿ ಚಿಲಕ ಹಾಕಿದೆ. ಮಧ್ಯಾಹ್ನದಿಂದ ಸಂಜೆ ತನಕ. ಒಳಗೆ ದೀಪ ಇರಲಿಲ್ಲ."

"ನಾಲ್ಕು ಗಂಟೆ," ಅಂದ ರವಾನೆ, ಮೆತ್ತಗೆ.

"ನಾಲ್ಕು ಗಂಟೆ. ನೀನು ನೂರು ವರ್ಷ ಅಂತ ಬರೆದಿದ್ದೀಯ. ಇರಲಿ, ಅದನ್ನ ಮುಟ್ಟಬೇಡ. ಒಳಗಿದ್ದವನಿಗೆ ಎಷ್ಟಾಯ್ತು ಅಂತ ಒಳಗಿದ್ದವನೇ ಹೇಳಬೇಕು. ದೊರೆ ಕೆಟ್ಟವನು ಅಂತ ಬರೆದಿದ್ದೀಯ, ಅದೂ ಇರಲಿ. ಆದರೆ ಒಂದು ಬಿಟ್ಟುಹೋಗಿದೆ." ಬೆರಳಿಂದ ಪುಟವನ್ನು ಒಂದು ಸಲ ತಟ್ಟಿದ. "ಆ ನೂರು ವರ್ಷ ದೊರೆ ಎಲ್ಲಿದ್ದ ಅಂತ ಬರೆದಿಲ್ಲ ನೀನು."

"ಎಲ್ಲಿದ್ದ?"

"ಬಾಗಿಲ ಹೊರಗೇ ಕೂತಿದ್ದ. ಚಿಲಕ ಹಿಡ್ಕೊಂಡು."

ರವಾನೆ ತನ್ನ ಲೋಟ ಕೆಳಗಿಟ್ಟ.

"ನೀನು ಒದೀತಿದ್ದೆ, ಆಮೇಲೆ ಅಳ್ತಿದ್ದೆ, ಆಮೇಲೆ ಸುಮ್ಮನಾದೆ. ಸುಮ್ಮನಾದಾಗ ತೆಗೆಯೋಣ ಅಂತ ಎದ್ದೆ. ಆದ್ರೆ ನನ್ನ ಮುಖ ಸರಿ ಇರಲಿಲ್ಲ. ಇಪ್ಪತ್ತು ವರ್ಷದವನು, ಇನ್ನೇನು ಗೊತ್ತು? ನಾನು ಅತ್ತಿದ್ದನ್ನ ನೀನು ನೋಡಿಬಿಟ್ರೆ ಇನ್ನು ಯಾವತ್ತೂ ನನ್ನ ಮಾತು ಕೇಳಲ್ಲ, ಮತ್ತೆ ಆ ನೀರಿಗೇ ಹೋಗ್ತೀಯ ಅನ್ನಿಸ್ತು. ಮುಖ ಸರಿಹೋಗ್ಲಿ ಅಂತ ಕಾದೆ. ಅದಕ್ಕೆ ಸಂಜೆಯಾಯ್ತು." ಟೀ ಲೋಟ ಎತ್ತಿಕೊಂಡ. "ತಪ್ಪು ತಪ್ಪೇ. ಅದನ್ನ ತೂಕ ಮಾಡಿ ಕಮ್ಮಿ ಮಾಡು ಅಂತ ಕೇಳೋಕೆ ಬಂದಿಲ್ಲ. ಎಲ್ಲಿದ್ದ ಅಂತ ಮಾತ್ರ ಬರಿ."

ಟೀ ಕುಡಿದು, ಲೋಟ ತಾನೇ ತೊಳೆದಿಟ್ಟು, ಎದ್ದು ಹೋದ. ರವಾನೆ ಮೆಟ್ಟಿಲ ಬುಡದ ತನಕ ಜೊತೆಯಲ್ಲೇ ಹೋದವನು ತಿರುಗಿ ಬರಲು ತುಂಬಾ ಹೊತ್ತು ಹಿಡಿಯಿತು. ಬಂದವನು ಹೊಸ ಪ್ರತಿಯನ್ನು ಕಟ್ಟುಕಟ್ಟಿ ಅಟ್ಟಕ್ಕೆ ಹಾಕಿದ. ಹಳೆಯದನ್ನು ಮುಂದಿಟ್ಟುಕೊಂಡು ಗೋಪುರದ ಅಧ್ಯಾಯಕ್ಕೆ ಒಂದು ಪುಟ ಸೇರಿಸಿದ. ಗೋಡೆಗೆ ಒರಗಿದ್ದ ಹೆಂಡತಿಯ ಮುಖ ನೋಡಿ, ಏನನ್ನಿಸಿತೋ, ಕೊನೆಯ ಯುದ್ಧ ಗೆದ್ದ ಮೇಲೆ ಬೆಳಕಿನ ರಾಣಿಯನ್ನು ಒಂದು ಕಲ್ಲಿನ ಮೇಲೆ ಕೂರಿಸಿದ. "ಸಾಕಾಯ್ತು" ಅಂದಳು ರಾಣಿ. ಅಷ್ಟೇ. ಅವಳು ಆಡಿದ ಮಾತುಗಳಲ್ಲಿ ಕಚೇರಿಯ ವಾಸನೆ ಇಲ್ಲದ್ದು ಅದೊಂದೇ.

ಸೋಮವಾರ ಹತ್ತು ಗಂಟೆಗೆ ನಾವು ಸಾಹೇಬರ ಮುಂದಿದ್ದೆವು. ಈ ಸಲ ರವಾನೆ ನನ್ನ ತೋಳು ಹಿಡಿದಿರಲಿಲ್ಲ.

"ಸಾರ್, ಹಳೇ ಪ್ರತಿಗೇ ಅನುಮತಿ ಬೇಕು. ಆ ದೊರೆ ನೀವಲ್ಲ. ಅದು ನಮ್ಮಣ್ಣ."

ಸಾಹೇಬರು ಕನ್ನಡಕ ಏರಿಸಿದರು. "ಅಣ್ಣನಾ? ಗಂಟಲು?"

"ಗಂಟಲೂ ಅವನದೇ ಸಾರ್."

"ಆ ನಡಿಗೆ? ಹುಬ್ಬು ಗಂಟು ಹಾಕೋದು?"

"ಎಲ್ಲಾ ಅವನದೇ."

ಸಾಹೇಬರು ಪುಟ ತಿರುವಿದರು. ಮುಖದಲ್ಲಿ ನಿರಾಳ ಕಾಣಬೇಕಿತ್ತು, ಕಂಡದ್ದು ಬೇರೆ. ಹಿಂದಿನ ವಾರವಷ್ಟೇ ಅವರು ಮೇಲಧಿಕಾರಿಗೆ, 'ನನ್ನನ್ನೇ ಇಟ್ಟುಕೊಂಡು ಒಬ್ಬರು ಕಾದಂಬರಿ ಬರೀತಿದ್ದಾರೆ' ಎಂದು ಹೇಳಿಕೊಂಡದ್ದು ನಮಗೆಲ್ಲ ಗೊತ್ತಿತ್ತು.

"ಸ್ವಲ್ಪವೂ ನಾನಿಲ್ವೇನ್ರೀ? ಒಂದು ಹತ್ತು ಪರ್ಸೆಂಟು?"

"ಇಲ್ಲ ಸಾರ್. ಕ್ಷಮಿಸಬೇಕು."

"ಆ ಮುನಿ?"

"ಮುನಿಯನ್ನ ತೆಗೆದುಬಿಟ್ಟೆ ಸಾರ್."

ಸಾಹೇಬರು ಸಹಿ ಹಾಕಿದರು. ಇಷ್ಟು ದುಃಖದಿಂದ ಹಾಕಿದ ಸಹಿಯನ್ನು ನಾನು ಬೇರೆ ಯಾವ ಕಾಗದದ ಮೇಲೂ ನೋಡಿಲ್ಲ. ಮನೆ ಮಾಲೀಕರಿಗೂ ಹಾಗೇ ಆಯಿತಂತೆ. ಎರಡು ವಾರ ಮೆಟ್ಟಿಲ ದೀಪ ಹಗಲೂ ಉರಿಯಲು ಬಿಟ್ಟರು. ಅತ್ತೆ ಮಾತ್ರ ಇವತ್ತಿಗೂ ನಂಬಿಲ್ಲ. ಯಾರಾದರೂ ಮನೆಗೆ ಬಂದರೆ ಪುಸ್ತಕ ತೋರಿಸಿ, "ಇದರಲ್ಲಿ ಮೀಸೆ ಇರೋದು ನಾನು" ಅನ್ನುತ್ತಾರೆ.

ಪುಸ್ತಕ ಬಂದ ದಿನ ಮೊದಲ ಪ್ರತಿ ಕೊಡಲು ನಾವಿಬ್ಬರೂ ಅಣ್ಣನ ಅಂಗಡಿಗೆ ಹೋದೆವು. ಸುತ್ತಲೂ ಗೋಡೆಯಲ್ಲಿ ಬೇರೆಯವರ ಮದುವೆ, ಬೇರೆಯವರ ಮಕ್ಕಳು, ಬೇರೆಯವರ ಅಜ್ಜಂದಿರು. ಅಣ್ಣ ಕೈ ಒರೆಸಿಕೊಂಡು, ನಿಂತಲ್ಲೇ ಆ ಪುಟ ತೆಗೆದು ಬೆರಳಿಟ್ಟು ಓದಿದ. ಮುಗಿಸಿ ಮತ್ತೆ ಮೊದಲಿಂದ ಓದಿದ. ಚೆನ್ನಾಗಿದೆ ಅನ್ನಲಿಲ್ಲ.

"ಇನ್ನೊಂದು ಕೊಡು," ಅಂದ.

"ಇನ್ನೊಂದು ಯಾರಿಗೆ?"

"ಮಗಳಿಗೆ."

ಅಣ್ಣನ ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷದಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಅವಳು ಆ ಕೆಲಸಕ್ಕೆ ಹೋಗುವುದು ಬೇಡವೆಂದು ಇವನು ಹಟ ಹಿಡಿದದ್ದು, ಅವಳು ಮರುದಿನವೇ ಹೊರಟುಹೋದದ್ದು ರವಾನೆಗೂ ಗೊತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ ಆ ಮಾತು.

"ಹೋಗೋ ಹಿಂದಿನ ದಿನ ಕೋಣೆ ಸೇರಿ ಬಾಗಿಲು ಹಾಕ್ಕೊಂಡಿದ್ಲು," ಅಂದ ಅಣ್ಣ. "ಆ ಸಲ ಚಿಲಕ ಒಳಗಡೆ ಇತ್ತು. ಆದ್ರೂ ನಾನು ಕೂತಿದ್ದೆ, ಹೊರಗೆ. ಅವಳಿಗೆ ಗೊತ್ತಿಲ್ಲ."

ರವಾನೆ ಚೀಲದಿಂದ ಇನ್ನೊಂದು ಪ್ರತಿ ತೆಗೆದ. "ಆ ಪುಟ ಮಡಚಿ ಗುರುತು ಮಾಡಿ ಕೊಡಲಾ ಅಣ್ಣ? ಅವಳಿಗೆ ಬೇಗ ಸಿಗುತ್ತೆ."

"ಬೇಡ." ಅಣ್ಣ ಪುಸ್ತಕ ಇಸಿದುಕೊಂಡ. "ಮೊದಲಿಂದ ಓದಲಿ. ಇನ್ನೂರು ಪುಟ ನನ್ನನ್ನ ಚೆನ್ನಾಗಿ ಬೈಕೊಳ್ಳಲಿ. ಆಮೇಲೆ ಆ ಪುಟ ಬರಲಿ."

ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದ. ಆ ಊರಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ ಎಂದು ನಾನು ಹೇಳಿದೆ. ಗೊತ್ತು ಅಂದ. ಆದರೂ ಹೊರಟ.